ಹಸಿರು ಚುಕ್ಕೆಯ ಬೋರ್ಡು

ಆ ಬೋರ್ಡಿನ ತಪ್ಪು ಬೆಸುಗೆ ನಿಮ್ಮದಲ್ಲ, ಮುನಿರತ್ನಮ್ಮಕ್ಕ. ಅದನ್ನು ಹಾಕಿದವನು ನಾನು. ಕೈತಪ್ಪಿ ಅಲ್ಲ, ಗೊತ್ತಿದ್ದೇ ಹಾಕಿದೆ. ನೋಡಿದವರು ನಿಮ್ಮದೇ ಎನ್ನಬೇಕು ಎಂದು ಹಾಕಿದೆ.

ಇಷ್ಟು ಹೇಳಲು ನನಗೆ ಏಳೆಂಟು ವರ್ಷ ಹಿಡಿಯಿತು. ಮೊನ್ನೆ ಕೋಲಾರದ ಬಸ್‌ ಸ್ಟ್ಯಾಂಡಿನಲ್ಲಿ ನೀವು ಸಿಗದೇ ಹೋಗಿದ್ದರೆ ಇನ್ನೂ ಎಷ್ಟು ಕಾಲ ಸುಮ್ಮನಿರುತ್ತಿದ್ದೆನೋ — ಬಹುಶಃ ಸಾಯುವವರೆಗೂ. ಸುಮ್ಮನಿರುವುದು ನನಗೆ ಒಗ್ಗಿಹೋಗಿತ್ತು. ಎದುರಿಗೆ ನಿಂತು ಹೇಳಹೊರಟರೆ ನನ್ನ ನಾಲಿಗೆ ಅರ್ಧ ಹೇಳಿ ಅರ್ಧ ನುಂಗುತ್ತದೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತೇನೆ, ಯಾಕೆಂದರೆ ಇದನ್ನು ನೀವಲ್ಲದೆ ಬೇರೆಯವರೂ ಓದಬೇಕಾಗಿದೆ.

ನಾನು ಮಾಲೂರಿನ ಆ ಫ್ಯಾಕ್ಟರಿಗೆ ಟ್ರೈನಿಯಾಗಿ ಸೇರಿದಾಗ ನನ್ನನ್ನು ನಿಮ್ಮ ಟೇಬಲ್ಲಿನ ಪಕ್ಕ ಕೂರಿಸಿದರು. ಶ್ರೀನಿವಾಸಪುರದ ಕಡೆಯ ಹುಡುಗ, ಕೈಯಲ್ಲಿ ಇಂಜಿನಿಯರಿಂಗ್ ಡಿಗ್ರಿ, ಸೋಲ್ಡರಿಂಗ್ ಐರನ್ ಹಿಡಿದರೆ ಮಾತ್ರ ಬೆರಳು ಸುಟ್ಟುಕೊಳ್ಳುವವನು. ನೀವು ನಗುತ್ತಿದ್ದಿರಿ. "ಏನಪ್ಪಾ ಶಂಕರ, ಅದೇನು ಕುರಿಗೆ ಬರೆ ಹಾಕ್ತಿದ್ದೀಯಾ? ಮೊದ್ಲು ಪಾರ್ಟಿನ ಕಾಲು ಕಾಯ್ಲಿ, ಆಮೇಲೆ ಸೀಸ ಮುಟ್ಸು" ಎನ್ನುತ್ತಿದ್ದಿರಿ. ಆಗ ನಾನು ನಿಮಗೆ ಶಂಕರ. ಪ್ರಾಡಕ್ಟ್ ಇಂಜಿನಿಯರ್ ಆದ ದಿನದಿಂದ ಸಾರ್. ಬೇಡಕ್ಕ ಎಂದು ಒಂದೆರಡು ಸಲ ಅಂದೆ, ಆಮೇಲೆ ಅದೂ ಹಿತವಾಯಿತು.

ಪ್ರಾಡಕ್ಟ್ ಇಂಜಿನಿಯರ್ ಎಂದರೆ ಏನು ಕೆಲಸ ಎಂದು ನನ್ನ ಮಾವನಿಗೆ ಇವತ್ತಿಗೂ ಅರ್ಥವಾಗಿಲ್ಲ. ಡಿಸೈನ್ ಮಾಡುವವರು ಬೆಂಗಳೂರಿನ ಆಫೀಸಿನಲ್ಲಿ ಚಿತ್ರ ಬರೆಯುತ್ತಾರೆ. ಲೈನಿನಲ್ಲಿ ನಿಮ್ಮಂಥವರು ಅದನ್ನು ಕೈಯಲ್ಲಿ ಮಾಡುತ್ತೀರಿ. ನಡುವೆ ನಿಂತು, ಈ ವಸ್ತು ನಿಜವಾಗಿಯೂ ಹೊಲದಲ್ಲಿ, ಬಿಸಿಲಲ್ಲಿ, ಇರುವೆ ಗೂಡು ಕಟ್ಟುವ ಪೆಟ್ಟಿಗೆಯೊಳಗೆ ಬದುಕುತ್ತದೆಯೇ ಎಂದು ನೋಡುವವನು ನಾನು. ಒಂದು ಬಿಡಿಭಾಗದ ಬದಲು ಇನ್ನೊಂದು ಬಂದರೆ ಅದನ್ನು ಪರೀಕ್ಷಿಸಿ ಆಗಬಹುದು, ಆಗದು ಎನ್ನಬೇಕಾದವನು ನಾನು. ವಸ್ತು ಕೆಟ್ಟು ವಾಪಸು ಬಂದರೆ ಯಾಕೆ ಕೆಟ್ಟಿತು ಎಂದು ಹುಡುಕಬೇಕಾದವನೂ ನಾನೇ. ಒಬ್ಬನೇ ಮನುಷ್ಯನ ಕೈಗೆ ಎರಡನ್ನೂ ಕೊಡಬಾರದು ಎಂದು ಈಗ ಅನಿಸುತ್ತದೆ. ಆಗ ಅನಿಸಿರಲಿಲ್ಲ, ಆಗ ನನಗೆ ಅದು ದೊಡ್ಡಸ್ತಿಕೆಯಾಗಿ ಕಂಡಿತ್ತು.

ನಾವು ಮಾಡುತ್ತಿದ್ದದ್ದು ಬೋರ್‌ವೆಲ್ ಮೋಟರಿನ ಮೊಬೈಲ್ ಸ್ಟಾರ್ಟರ್. ರೈತ ಮನೆಯಲ್ಲಿ ಕೂತು ಫೋನಿನಿಂದಲೇ ಮೋಟರ್ ಹಾಕಬಹುದು, ನಿಲ್ಲಿಸಬಹುದು. ನಮ್ಮ ಜಿಲ್ಲೆಯ ಬೋರ್‌ವೆಲ್‌ಗಳ ಕಥೆ ಗೊತ್ತಲ್ಲ — ಸ್ವಲ್ಪ ಹೊತ್ತು ನೀರು, ಸ್ವಲ್ಪ ಹೊತ್ತು ಬರೀ ಗಾಳಿ. ನೀರಿಲ್ಲದೆ ಓಡಿದರೆ ಮೋಟರ್ ಸುಟ್ಟುಹೋಗುತ್ತದೆ. ಹಾಗಾಗಿ ನೀರು ನಿಂತದ್ದು ಗೊತ್ತಾದ ಕೂಡಲೇ ನಮ್ಮ ಪೆಟ್ಟಿಗೆ ತಾನೇ ಮೋಟರನ್ನು ನಿಲ್ಲಿಸಿ, ರೈತನ ಫೋನಿಗೆ "ಮೋಟರ್ ಆಫ್ ಆಗಿದೆ" ಎಂದು ಮೆಸೇಜು ಕಳಿಸುತ್ತಿತ್ತು. ಈ ನಿಲ್ಲಿಸುವ ಕೆಲಸ ರಿಲೇ ಎಂಬ ಚಿಕ್ಕ ಡಬ್ಬಿಯದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಒಳಗೆ ಎರಡು ಲೋಹದ ಬಿಲ್ಲೆ. ಕರೆಂಟು ಬೇಕೆಂದಾಗ ಕೂಡಬೇಕು, ಬೇಡವೆಂದಾಗ ಬಿಡಬೇಕು. ಕೂಡುವುದು ಸುಲಭ, ಯಾವ ಕಳಪೆ ರಿಲೇಯೂ ಕೂಡುತ್ತದೆ. ಬಿಡುವುದರಲ್ಲೇ ಅದರ ಯೋಗ್ಯತೆ ತಿಳಿಯುವುದು.

ಒಂದು ಬೇಸಿಗೆಯಲ್ಲಿ ನಾವು ಹಾಕುತ್ತಿದ್ದ ರಿಲೇ ಬರುವುದು ನಿಂತಿತು. ಪರ್ಚೇಸಿನವರು ಬೆಂಗಳೂರಿನಿಂದ ಬೇರೆ ಒಂದು ತಂದರು. ಅದೇ ಅಳತೆ, ಅದೇ ಬಣ್ಣ. ಟೊಮೆಟೊ ಸೀಸನ್ನು, ಡೀಲರುಗಳು ದಿನಾ ಫೋನು ಮಾಡಿ ಬೈಯುತ್ತಿದ್ದರು. ನಾನು ಅದನ್ನು ಪರೀಕ್ಷೆಗೆ ಹಾಕಿದೆ: ಸಾವಿರಾರು ಸಲ ಕೂಡಿಸಿ ಬಿಡಿಸುವ ಪರೀಕ್ಷೆ. ನಡುವೆ ಒಂದು ರಿಲೇ ಅಂಟಿಕೊಂಡಿತು. ಬಿಡಲಿಲ್ಲ. ನಾನು ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ತಲೆಗೆ ಒಂದು ತಟ್ಟು ತಟ್ಟಿದೆ. ಟಕ್ ಎಂದು ಬಿಟ್ಟಿತು.

ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು. ಲೈನ್‌ಮ್ಯಾನ್ ಮಾಡುತ್ತಾನೆ, ಮೋಟರ್ ಮೆಕ್ಯಾನಿಕ್ ಮಾಡುತ್ತಾನೆ, ಸ್ಟಾರ್ಟರ್ ಹಿಡಿಯದಿದ್ದರೆ ರೈತನೂ ಚಪ್ಪಲಿಯಲ್ಲಿ ಒಂದು ಕೊಡುತ್ತಾನೆ. ಆದರೆ ನಾನು ಲೈನ್‌ಮ್ಯಾನ್ ಅಲ್ಲ. ಪರೀಕ್ಷೆಯಲ್ಲಿ ಒಮ್ಮೆ ಅಂಟಿಕೊಂಡ ರಿಲೇ ಫೇಲ್. ತಟ್ಟಿದರೆ ಬಿಟ್ಟಿತೋ ಇಲ್ಲವೋ ಎನ್ನುವುದು ಲೆಕ್ಕಕ್ಕಿಲ್ಲ. ಹೊಲದಲ್ಲಿ ಅದನ್ನು ತಟ್ಟಲು ಯಾರಿರುತ್ತಾರೆ? ಇದು ಓದಿದ ಪ್ರತಿಯೊಬ್ಬನಿಗೂ ಗೊತ್ತು. ನಾನು ಪರೀಕ್ಷೆಯನ್ನು ಮುಂದುವರಿಸಿ, ಪಾಸ್ ಎಂದು ಬರೆದು, ಊಟಕ್ಕೆ ಹೋದೆ. ಅವತ್ತು ಕ್ಯಾಂಟೀನಿನಲ್ಲಿ ಮುದ್ದೆ, ಮಸ್ಸೊಪ್ಪು. ಚೆನ್ನಾಗಿ ಉಂಡೆ.

ಕೆಲವು ತಿಂಗಳಿಗೆ ಬೈರಕೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಚೌಡಪ್ಪ ಎನ್ನುವ ರೈತರು ಕರೆಂಟು ಹೊಡೆದು ತೀರಿಕೊಂಡರು. ಬೋರ್‌ವೆಲ್‌ನಲ್ಲಿ ನೀರು ನಿಂತಿತ್ತು. ಫೋನಿಗೆ ಮೋಟರ್ ಆಫ್ ಎಂದು ಮೆಸೇಜು ಬಂದಿತ್ತು. ಕೊಳವೆಯ ಬಾಯಿಯ ಹತ್ತಿರ ಕೇಬಲ್ ಜಾಯಿಂಟಿನ ಟೇಪು ಸಡಿಲವಾಗಿತ್ತಂತೆ, ಹೇಗೂ ಆಫ್ ಆಗಿದೆಯಲ್ಲ ಎಂದು ಅದನ್ನು ಬಿಚ್ಚಿದ್ದಾರೆ. ಮೋಟರ್ ಆಫ್ ಆಗಿರಲಿಲ್ಲ; ಬಿಡು ಎಂದು ರಿಲೇಗೆ ಹೇಳಿದ ಕೂಡಲೇ ಪೆಟ್ಟಿಗೆ ಮೆಸೇಜು ಕಳಿಸಿತ್ತು, ರಿಲೇ ಬಿಟ್ಟಿರಲಿಲ್ಲ. ನೀರಿಲ್ಲದೆ ಓಡುತ್ತಿತ್ತು, ಅಷ್ಟು ಆಳದಲ್ಲಿ ಓಡುವ ಮೋಟರಿನ ಸದ್ದು ಮೇಲಿರುವವರಿಗೆ ಕೇಳುವುದಿಲ್ಲ. ಫ್ಯೂಸು ಕಿತ್ತು ಕೈ ಹಾಕಬೇಕಿತ್ತು ಎಂದು ಆಮೇಲೆ ಊರಿನವರೇ ಅಂದರು. ಹೌದು, ಕೀಳಬೇಕಿತ್ತು. ಆದರೆ ಇನ್ನು ಮೇಲೆ ಫ್ಯೂಸಿನ ಹತ್ತಿರ ಓಡಬೇಕಾಗಿಲ್ಲ, ಫೋನು ನೋಡಿದರೆ ಸಾಕು ಎಂದು ಊರೂರಿಗೆ ಹೋಗಿ ಹೇಳಿಕೊಟ್ಟವರು ನಾವೇ ತಾನೇ.

ಪೆಟ್ಟಿಗೆ ಬಿಚ್ಚಿ ತರಲು ನಾನೇ ಹೋದೆ. ಕಂಬಕ್ಕೆ ಹೊಡೆದಿದ್ದ ಮೊಳೆಯಲ್ಲಿ ಅವರ ಎಲೆ ಅಡಿಕೆಯ ಚೀಲ ನೇತಾಡುತ್ತಿತ್ತು. ಅದನ್ನು ತೆಗೆದು ಅವರ ದೊಡ್ಡ ಮಗಳ ಕೈಗೆ ಕೊಟ್ಟೆ. ಆ ಹುಡುಗಿ ನನಗೆ ಒಂದು ಚೊಂಬು ನೀರು ತಂದುಕೊಟ್ಟಳು. ಕುಡಿದೆ.

ಫ್ಯಾಕ್ಟರಿಗೆ ತಂದು ಬಿಚ್ಚಿದರೆ — ನೋಡುವುದೇ ಬೇಕಿರಲಿಲ್ಲ, ನನಗೆ ದಾರಿಯಲ್ಲೇ ಗೊತ್ತಾಗಿತ್ತು. ರಿಲೇಯ ಬಿಲ್ಲೆಗಳು ಬೆಸೆದುಕೊಂಡುಬಿಟ್ಟಿದ್ದವು. ತಟ್ಟಿದೆ. ಎಷ್ಟು ತಟ್ಟಿದರೂ ಬಿಡಲಿಲ್ಲ.

ಪ್ಲಾಂಟ್ ಹೆಡ್ ಕರೆದು ಹೇಳಿದರು: "ನೋಡಯ್ಯ, ನಾಳೆ ಬೆಂಗಳೂರಿಂದ ಎಲ್ಲರೂ ಬರ್ತಾರೆ. ಒಂದು ಕಾರಣ ಬೇಕು. ಒಂದೇ ಪೀಸ್‌ದು ತಪ್ಪು ಅಂದ್ರೆ ಬದುಕ್ತೀವಿ. ಪಾರ್ಟೇ ಸರಿಯಿಲ್ಲ ಅಂದ್ರೆ ಕಳಿಸಿದ್ದೆಲ್ಲ ವಾಪಸ್ ತರ್ಬೇಕು, ಗೊತ್ತಲ್ಲ?" ಅವರು ನನಗೆ ಸುಳ್ಳು ಹೇಳು ಎನ್ನಲಿಲ್ಲ. ಆ ಮಾತನ್ನು ನಾನು ಅವರ ತಲೆಗೆ ಕಟ್ಟುವುದಿಲ್ಲ. ಪಾರ್ಟು ಸರಿಯಿಲ್ಲ ಎಂದರೆ ಅದನ್ನು ಪಾಸ್ ಮಾಡಿದವನು ಯಾರು ಎಂಬ ಪ್ರಶ್ನೆ ಬರುತ್ತದೆ ಎಂದು ನನಗೆ ನಾನೇ ಲೆಕ್ಕ ಹಾಕಿಕೊಂಡೆ.

ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡಿನ ಮೂಲೆಯಲ್ಲಿ ಹಸಿರು ಚುಕ್ಕೆ ಇತ್ತು.

ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಲೈನಿನಲ್ಲಿ ರಿಲೇಯನ್ನು ಕೈಯಲ್ಲೇ ಬೆಸೆಯಬೇಕಿತ್ತು. ಬೆಸೆದ ಹೆಂಗಸರು ತಂತಮ್ಮ ಗುರುತಿಗೆ ಬೋರ್ಡಿನ ಮೇಲೆ ನೇಲ್ ಪಾಲಿಷಿನ ಒಂದು ಚುಕ್ಕೆ ಇಡುತ್ತಿದ್ದರು. ಕಂಪನಿ ಕೊಟ್ಟ ಮಾರ್ಕರ್ ತೊಳೆದರೆ ಹೋಗುತ್ತಿತ್ತು, ಹಾಗಾಗಿ ಇದು ಅವರೇ ಕಂಡುಕೊಂಡ ದಾರಿ. ಒಬ್ಬೊಬ್ಬರದು ಒಂದೊಂದು ಬಣ್ಣ. ಮುನಿರತ್ನಮ್ಮಕ್ಕ ಮಾಲೂರಿನ ಬಳೆ ಅಂಗಡಿಯಲ್ಲಿ ಹುಡುಕಿ ಗಿಳಿಹಸಿರು ತಂದಿದ್ದರು. "ಯಾರೂ ಹಾಕ್ದೆ ಇರೋ ಬಣ್ಣ ಇರ್ಲಿ. ದೂರದಿಂದ್ಲೇ ಗೊತ್ತಾಗ್ಬೇಕು ಇದು ರತ್ನಮ್ಮಂದು ಅಂತ" ಎಂದು ಜಂಭ ಕೊಚ್ಚಿಕೊಳ್ಳುತ್ತಿದ್ದರು. ಹಸಿರು ಚುಕ್ಕೆಯ ಬೋರ್ಡು ವಾಪಸು ಬಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಗಲು ಹೊತ್ತಿನಲ್ಲೇ, ಟೀ ಬ್ರೇಕಿನಲ್ಲಿ, ಎಲ್ಲರೂ ಓಡಾಡುವ ರಿಪೇರಿ ಟೇಬಲ್ಲಿನಲ್ಲೇ ಕೂತು ಮಾಡಿದೆ. ಇಂಜಿನಿಯರ್ ಐರನ್ ಹಿಡಿದು ಕೂತರೆ ಯಾರೂ ಏನೆಂದು ಕೇಳುವುದಿಲ್ಲ. ಬೆಸೆದುಕೊಂಡಿದ್ದ ರಿಲೇಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಒಳ್ಳೆಯದೊಂದನ್ನು ಕೂರಿಸಿದೆ. ಬೋರ್ಡಿನ ಅಡಿಯಲ್ಲಿ ರಿಲೇಯ ಎರಡು ಕಾಲುಗಳ ನಡುವೆ ಸೋಲ್ಡರಿನ ಒಂದು ಸಣ್ಣ ಎಳೆ ಎಳೆದೆ — ಅಷ್ಟಿದ್ದರೆ ಸಾಕು, ರಿಲೇ ಬಿಟ್ಟರೂ ಕರೆಂಟು ಅಡ್ಡದಾರಿಯಲ್ಲಿ ಹರಿಯುತ್ತದೆ. ನೀವು ಎಡಗೈಯವರು. ನಿಮ್ಮ ಬೆಸುಗೆಯ ತುದಿ ಯಾವಾಗಲೂ ಒಂದು ಕಡೆಗೆ ಕೊಂಚ ವಾಲಿರುತ್ತದೆ. ಕಲಿಸಿದವರು ನೀವೇ ಆದ್ದರಿಂದ ಅದು ನನಗೆ ಗೊತ್ತಿತ್ತು. ನಾನೂ ಐರನ್ನನ್ನು ಎಡಗೈಗೆ ತೆಗೆದುಕೊಂಡು, ಅದೇ ಕಡೆಗೆ ವಾಲಿಸಿದೆ. ಶಾಖಕ್ಕೆ ಹಸಿರು ಚುಕ್ಕೆ ಎದ್ದುಬಂದೀತೆಂದು ಅದರ ಮೇಲೆ ಒದ್ದೆ ಬಟ್ಟೆಯ ಚೂರು ಇಟ್ಟಿದ್ದೆ. ಅಷ್ಟು ನಾಜೂಕಿನ ಕೆಲಸವನ್ನು ನನ್ನ ಜನ್ಮದಲ್ಲಿ ಬೇರೆ ಯಾವುದಕ್ಕೂ ಮಾಡಿಲ್ಲ.

ಮಾರನೆಯ ದಿನ ಮೀಟಿಂಗಿನಲ್ಲಿ ಆ ಬೋರ್ಡನ್ನು ಮೇಜಿನ ಮೇಲಿಟ್ಟು, ಕಡೆಯ ಟೆಸ್ಟ್ ಆದ ಮೇಲೆ ಯಾರೋ ಮತ್ತೆ ಬೆಸುಗೆ ತಿದ್ದಿದ್ದಾರೆ, ಆಗ ಸೋಲ್ಡರ್ ಹರಿದಿದೆ ಎಂದೆ. ಆ ತಿಂಗಳು ಅವಸರದಲ್ಲಿ ನೀವು ಎಷ್ಟೋ ಬೋರ್ಡುಗಳನ್ನು ಟೆಸ್ಟ್ ಆದ ಮೇಲೂ ತಿದ್ದಿದ್ದಿರಿ. ತಿದ್ದಿ ಎಂದು ಹೇಳಿದವನೂ ನಾನೇ. ನಿಮ್ಮನ್ನು ಕರೆಸಿದರು. ನನ್ನ ಲೆಕ್ಕಾಚಾರ ಏನಿತ್ತೆಂದರೆ — ನೀವು ಇಲ್ಲ ಎನ್ನುತ್ತೀರಿ, ಕೂಗಾಡುತ್ತೀರಿ, ಆಗ ನಾನು... ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನೀವು ಕೂಗಾಡಲಿಲ್ಲ. ಭೂತಗನ್ನಡಿಯ ಕೆಳಗೆ ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಿರಿ. ಆ ವಾಲಿದ ತುದಿಯನ್ನು ನೋಡಿದಿರಿ. ಆಮೇಲೆ ತಲೆಯೆತ್ತಿ, ಬೇರೆ ಯಾರನ್ನೂ ಅಲ್ಲ, ನನ್ನನ್ನೇ ನೋಡಿ ಹೇಳಿದಿರಿ:

"ನಂದೇ ಸಾರ್. ಇದು ನನ್ನ ಕೈದೇ."

ಅಲ್ಲ, ಅಕ್ಕ. ಅಲ್ಲ. ಆ ಒಂದು ಮಾತು ಅಲ್ಲಿಯೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಕೂತಿದ್ದೆ.

ಸೋಮವಾರದಿಂದ ಬರಬೇಡಿ ಎಂದರು. ಹೋಗುವ ಮೊದಲು ನೀವು ನಿಮ್ಮ ಐರನ್ನಿನ ತುದಿಗೆ ಸೋಲ್ಡರ್ ಸವರಿ, ತುಕ್ಕು ಹಿಡಿಯದ ಹಾಗೆ ಮಾಡಿ, ಸ್ಟ್ಯಾಂಡಿನಲ್ಲಿ ಇಟ್ಟಿರಿ. ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದ್ದು ಒಂದೇ. "ಸಾರ್, ಆಯಪ್ಪಂಗೆ ಮಕ್ಕಳು ಅವ್ರಾ?" ನಾನು ಗೊತ್ತಿಲ್ಲ ಅಂದೆ. ಆ ಮಗಳು ಕೊಟ್ಟ ನೀರು ಕುಡಿದು ಎರಡು ದಿನ ಆಗಿತ್ತು.

ಆಮೇಲೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ, ಇದರಿಂದ ನನ್ನ ತೂಕ ಹೆಚ್ಚಲಿ ಎಂದಲ್ಲ. ಹೊಸ ರಿಲೇಯನ್ನು ಏನೋ ನೆಪ ಹೇಳಿ ನಿಲ್ಲಿಸಿದೆ. ಅದಾಗಲೇ ಹೋಗಿದ್ದ ಪೆಟ್ಟಿಗೆಗಳನ್ನು ಹುಡುಕಿಕೊಂಡು ಭಾನುವಾರಗಳಲ್ಲಿ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಗೆ ಬೈಕಿನಲ್ಲಿ ಹೋದೆ. ಫ್ರೀ ಸರ್ವಿಸ್ ಎಂದು ಸುಳ್ಳು ಹೇಳಿ ಒಂದೊಂದೇ ರಿಲೇ ಬದಲಾಯಿಸಿದೆ. ರೈತರು ಮಾವಿನಹಣ್ಣು ಕೊಟ್ಟು ಕಳಿಸುತ್ತಿದ್ದರು. ರಜಾ ದಿನವೂ ದುಡಿಯುವ ಇಂಜಿನಿಯರ್ ಎಂದು ಕಂಪನಿಯಲ್ಲಿ ಹೆಸರು ಬಂತು, ಶಾಲು ಹೊದಿಸಿದರು. ಎಲ್ಲವೂ ಸಿಗಲಿಲ್ಲ. ಕೈಬದಲಾದವು, ಬಾರ್ಡರ್ ದಾಟಿ ಆಂಧ್ರದ ಕಡೆ ಹೋದವು ಇನ್ನೂ ಕೆಲವು ಇವೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಕಂಪನಿಯೇ ಒಂದೇ ತಿಂಗಳಲ್ಲಿ ಮಾಡಿ ಮುಗಿಸಬಹುದಾಗಿದ್ದ ಕೆಲಸವದು.

ಈಗ ನಾನು ಹೊಸಬರಿಗೆ ಪಾಠ ಮಾಡುತ್ತೇನೆ, ನಗಬೇಡಿ. ವಸ್ತು ಕೆಟ್ಟರೆ ಯಾಕೆ ಎಂದು ಒಮ್ಮೆ ಕೇಳಿ ಬಿಡಬಾರದು, ಬಂದ ಉತ್ತರಕ್ಕೆ ಮತ್ತೆ ಯಾಕೆ ಎನ್ನಬೇಕು, ಮೂಲ ಸಿಗುವವರೆಗೆ ಕೇಳುತ್ತಲೇ ಇರಬೇಕು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಅವತ್ತು ಆ ಮೇಜಿನ ಸುತ್ತ ಕೂತಿದ್ದವರಲ್ಲಿ ಯಾರೂ ಎರಡನೆಯ ಸಲ ಯಾಕೆ ಎನ್ನಲಿಲ್ಲ; ಆ ಎಳೆ ಮೊದಲಿನಿಂದಲೂ ಇದ್ದರೆ ಅಷ್ಟು ದಿನ ಮೋಟರ್ ನಿಂತದ್ದು ಹೇಗೆ ಎಂದೂ ಕೇಳಲಿಲ್ಲ. ಲೈನಿನ ಹೆಂಗಸಿನ ತಪ್ಪು ಎಂದ ಕೂಡಲೇ ಎಲ್ಲರಿಗೂ ಸಮಾಧಾನವಾಗಿತ್ತು.

ಮೊನ್ನೆ ನೀವು ಬಾಳೆಎಲೆಯ ಸುತ್ತು ಹಿಡಿದು ಸುಗಟೂರಿನ ಬಸ್ಸಿಗೆ ಕಾಯುತ್ತಿದ್ದಿರಿ. ನಾನು ಕಂಬದ ಮರೆಗೆ ಸರಿದೆ. ನೀವೇ ಗುರುತು ಹಿಡಿದು ಬಂದಿರಿ. "ಏನ್ ಸಾರ್, ಕೂದ್ಲೆಲ್ಲಾ ಬೆಳ್ಳಗೆ ಮಾಡ್ಕೊಂಡಿದ್ದೀರ" ಎಂದು ನಕ್ಕಿರಿ. ತಮ್ಮನ ಮನೆಯ ಪಕ್ಕದಲ್ಲೇ ಇದ್ದೀರಿ, ಮಗನಿಗೆ ಮದುವೆಯಾಗಿದೆ, ರೇಷ್ಮೆ ಹುಳದ ಮನೆಗೆ ಸೊಪ್ಪು ಹೊರುತ್ತೀರಿ ಎಂದೆಲ್ಲ ಹೇಳಿದಿರಿ. ಬೇರೆ ಯಾವ ಫ್ಯಾಕ್ಟರಿಗೂ ಮತ್ತೆ ಹೋಗಲಿಲ್ಲವಾ ಎಂದು ನಾನು ಕೇಳಿದೆ. ಅದನ್ನು ಕೇಳುವ ಬಾಯಿ ನನಗೆ ಹೇಗೆ ಬಂತೋ.

"ಇಲ್ಲ ಸಾರ್. ಈ ಕೈನ ನಾನೇ ನಂಬಲ್ಲ ಈಗ. ಗ್ಯಾಸ್ ಆಫ್ ಮಾಡಿದ್ರೂ ಸೊಸೇನ ಕರ್ದು ತೋರಿಸ್ತೀನಿ, ನೋಡಮ್ಮಾ ಸರ್ಯಾಗಿ ಆಫ್ ಆಗೈತಾ ಅಂತ. ಅವ್ಳಿಗೂ ಸಾಕಾಗೋಗೈತೆ ಪಾಪ."

ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದಿರಿ. ಪಿತೃಪಕ್ಷದ ಅಮಾವಾಸ್ಯೆಯಲ್ಲಿ ನಿಮ್ಮ ಮನೆಯ ಹಿರಿಯರಿಗೆ ಎಡೆ ಇಡುವಾಗ ಪಕ್ಕದಲ್ಲಿ ಇನ್ನೊಂದು ಎಲೆ ಹಾಕುತ್ತೀರಂತೆ. ಪ್ರತಿ ವರ್ಷ. ಮನೆಯವರು ಯಾರಿಗೆ ಎಂದರೆ ದೂರದ ನೆಂಟರಿಗೆ ಎನ್ನುತ್ತೀರಂತೆ. "ಹಿರೀಕರಿಗೆ ಏನಿಷ್ಟಾನೋ ಅದನ್ನ ಇಡಬೇಕಲ್ವಾ ಸಾರ್. ನಮ್ಮತ್ತೇಗೆ ಕಜ್ಜಾಯ, ನಮ್ಮಪ್ಪಂಗೆ ಬೀಡಿ. ಆಯಪ್ಪಂಗೆ ಏನಿಷ್ಟಾನೋ ನಂಗೆ ಗೊತ್ತೇ ಇಲ್ಲ. ಸುಮ್ನೆ ಅನ್ನ, ಪಾಯಸ ಇಟ್ಟು, ತಪ್ಪಾಯ್ತಪ್ಪಾ ಅಂತ ಕೈ ಮುಗೀತೀನಿ. ನೀವು ಅವತ್ತು ಅವರ ತೋಟಕ್ಕೆ ಹೋಗಿದ್ರಲ್ಲ, ನಿಮಗೇನಾದ್ರೂ ಗೊತ್ತಾ ಸಾರ್?"

"ಎಲೆ ಅಡಿಕೆ," ಎಂದೆ. ಅಷ್ಟೇ ಆಗಿದ್ದು ನನ್ನ ಕೈಲಿ. ಇಷ್ಟು ವರ್ಷದಲ್ಲಿ ನಾನು ನಿಮಗೆ ಹೇಳಿದ ಒಂದೇ ಒಂದು ನಿಜ ಅದು.

ನಿಮ್ಮ ಮುಖ ಅರಳಿತು. "ಅಯ್ಯೋ, ಎಷ್ಟು ಜ್ಞಾಪಕ ಸಾರ್ ನಿಮಗೆ! ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಬಸ್ಸು ಹತ್ತಿದಿರಿ. ಕಿಟಕಿಯಿಂದ ಕೈ ಬೀಸಿದಿರಿ — ಎಡಗೈ. ನಾನು ಬಸ್‌ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಮಾಲೂರಿನ ಬಸ್ಸುಗಳು ಬಂದವು, ಹೋದವು.

ನಾನು ಕೊಂದದ್ದು ಚೌಡಪ್ಪನವರನ್ನು. ಬೇರೆ ಮಾತು ಯಾಕೆ, ಕೊಂದದ್ದೇ. ಆದರೆ ಅದನ್ನು ಅಜಾಗರೂಕತೆ ಎಂದಾದರೂ ಕರೆಯಬಹುದು. ಕಾನೂನಿನಲ್ಲಿ ಅದಕ್ಕೊಂದು ಹೆಸರಿದ್ದೀತು. ನಿಮಗೆ ಮಾಡಿದ್ದಕ್ಕೆ ಏನು ಹೆಸರು? ನಿಮ್ಮ ಕೈಯ ಮೇಲಿದ್ದ ನಿಮ್ಮ ನಂಬಿಕೆಯನ್ನು ಹಗಲಿನಲ್ಲೇ ಕೂತು, ನೀವು ಕಲಿಸಿದ ಕೆಲಸದಿಂದಲೇ, ಕಿತ್ತುಹಾಕಿದೆ. ನಾನು ಇಡಬೇಕಾದ ಎಡೆಯನ್ನು ನೀವು ವರ್ಷ ವರ್ಷ ಇಡುತ್ತಿದ್ದೀರಿ, ಮನೆಯವರಿಗೂ ಸುಳ್ಳು ಹೇಳಿಕೊಂಡು. ಹೆದರಿಕೆಯಾಗಿತ್ತು, ಆಗ ಹೆಂಡತಿ ಬಸುರಿ, ಕೆಲಸ ಹೋದರೆ... ಇವನ್ನೆಲ್ಲ ಬರೆದು ನೋಡಿದೆ. ಹೊಡೆದುಹಾಕಿದ್ದೇನೆ. ನಿಮಗೂ ಸಂಸಾರವಿತ್ತು.

ಆ ರಿಲೇ ನನ್ನ ಹತ್ತಿರವೇ ಇದೆ. ಬಿಸಾಡಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಆಗಲಿಲ್ಲ. ನಾಳೆ ಅದೇ ಅಮಾವಾಸ್ಯೆ. ನೀವು ಎಡೆ ಇಡುವ ಮೊದಲೇ ಸುಗಟೂರಿಗೆ ಬಂದು, ಈ ಬರಹವನ್ನು ನಿಮ್ಮ ಮಗ ಸೊಸೆಯ ಎದುರಿಗೇ ಓದಿ ಹೇಳುತ್ತೇನೆ. ರಿಲೇಯನ್ನು ನಿಮಗೆ ತೋರಿಸುತ್ತೇನೆ. ಅಲ್ಲಿಂದ ಬೈರಕೂರಿನ ಕಡೆಗೆ ಹೋಗಿ, ಚೌಡಪ್ಪನವರ ಹೆಂಡತಿಯ ಕೈಗೆ ಅದನ್ನು ಕೊಡುತ್ತೇನೆ. ಅವರು ಪೊಲೀಸ್ ಸ್ಟೇಷನ್ನಿಗೆ ನಡೆ ಎಂದರೆ ನಡೆಯುತ್ತೇನೆ. ಕಂಪನಿಗೆ ಇಲ್ಲಿಯವರೆಗಿನ ಬರಹದ ಒಂದು ಪ್ರತಿ ಕಳಿಸಿಯಾಗಿದೆ, ಉಳಿದ ಪೆಟ್ಟಿಗೆಗಳನ್ನು ಅವರು ಹುಡುಕಿ ತರಲೇಬೇಕು ಎಂದು ಬರೆದಿದ್ದೇನೆ. ಇನ್ನು ಹಿಂದೆ ಸರಿಯಲು ನನಗೆ ದಾರಿಯಿಲ್ಲ. ಇರಬಾರದು ಎಂದೇ ಮೊದಲು ಕಳಿಸಿದೆ.

ಆ ಎಲೆ ಹಾಕಿ, ಹಾಕಬೇಡಿ ಎನ್ನುವ ಹಕ್ಕು ನನಗಿಲ್ಲ. ಹಾಕಿದರೆ ಅದರ ಮುಂದೆ ತಪ್ಪಾಯಿತು ಎನ್ನಬೇಕಾದವನು ನಾನು. ಬಾಗಿಲ ಹೊರಗೆ ನಿಂತಿರುತ್ತೇನೆ. ಒಳಗೆ ಕರೆಯಲೇಬೇಕೆಂದಿಲ್ಲ, ಕ್ಷಮಿಸಿ ಎಂದೂ ಕೇಳುವುದಿಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ. ನಾಳೆ ಅಡಿಗೆಯಾದ ಮೇಲೆ ಗ್ಯಾಸನ್ನು ನೀವೇ ಆಫ್ ಮಾಡಿ, ಅಕ್ಕ. ಸೊಸೆಯನ್ನು ಕರೆಯಬೇಡಿ. ಅದು ಸರಿಯಾಗಿಯೇ ಆಫ್ ಆಗಿರುತ್ತದೆ.